ರುಚಿ ಪುಸ್ತಕದಲ್ಲಿ ನನ್ನ ಸಹಿ

ನಾನು ಟೀಚರ್ ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಸುಮ್ಮನೆ ಬಿಟ್ಟವಳೇ ಅಲ್ಲ. ‘ಹೋಂವರ್ಕ್ ಪುಸ್ತಕ ಮನೇಲಿ ಬಿಟ್ಟುಬಂದೆ ಮಿಸ್’ ಅಂದ ಹುಡುಗನನ್ನು ಮನೆಗೇ ಓಡಿಸಿ, ಪುಸ್ತಕ ತರಿಸಿ, ಅದು ಖಾಲಿ ಇದ್ದದ್ದನ್ನು ಇಡೀ ಕ್ಲಾಸಿಗೆ ತೋರಿಸಿದ್ದೇನೆ. ಅಂಥ ನಾನೇ ನಾಲ್ಕು ವರ್ಷ, ಶಾಲೆ ನಡೆದ ಒಂದೊಂದು ದಿನವೂ, ಒಂದು ಸುಳ್ಳನ್ನು ಬರೆದು ಕೆಳಗೆ ಸಹಿ ಹಾಕಿದೆ. ನೀಲಿ ಪೆನ್ನಿನಲ್ಲಿ, ದಿನಾಂಕ ಸಮೇತ.

ಊರು ಹಾರನಹಳ್ಳಿ ಹೋಬಳಿಯದು. ಹೆಸರು ಹೇಳುವುದಿಲ್ಲ. ನನ್ನ ಮಾನ ಹೋಗುತ್ತದೆ ಅಂತಲ್ಲ, ಅದು ಹೋಗಿ ಆಗಿದೆ. ಇದರಲ್ಲಿ ಇನ್ನೊಬ್ಬಾಕೆಯ ಬದುಕಿದೆ, ಒಂದು ಮಗು ಇದೆ, ಅದಕ್ಕೆ. ಎರಡು ಕೋಣೆಯ ಶಾಲೆ, ಒಂದರಿಂದ ಐದನೇ ಕ್ಲಾಸಿನವರೆಗೆ ಮೂವತ್ತೊಂದು ಮಕ್ಕಳು, ಇಬ್ಬರು ಟೀಚರ್. ಹಿರಿಯಳು ಅಂತ ಹೆಡ್‌ಮಿಸ್ ಕುರ್ಚಿ ನನ್ನ ಪಾಲಿಗೆ ಬಂದಿತ್ತು. ಹುಣಸೂರಿನ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ತವರು ಕೆ.ಆರ್. ನಗರದ ಕಡೆ, ಗದ್ದೆ ಇದ್ದ ಮನೆತನ. ಸುಕನ್ಯಾ ಮಿಸ್‌ಗೆ ಕೋಪ ಜಾಸ್ತಿ, ಗಂಟಲು ಜೋರು, ಆದರೆ ಪಾಠ ಚೆನ್ನಾಗಿ ಮಾಡ್ತಾರೆ ಅಂತ ಊರಲ್ಲಿ ನನ್ನ ಬಗ್ಗೆ ಅನ್ನುತ್ತಿದ್ದರು.

ಬಿಸಿಯೂಟಕ್ಕೆ ಒಂದು ನಿಯಮ ಉಂಟು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಟೀಚರ್ ತಿಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಅದಕ್ಕೊಂದು ಉದ್ದನೆಯ ಪುಸ್ತಕ. ನಾವೆಲ್ಲ ಅದನ್ನು ರುಚಿ ಪುಸ್ತಕ ಅನ್ನುತ್ತೇವೆ. ‘ಅನ್ನ ಬೆಂದಿದೆಯೆ? ಬೆಂದಿದೆ. ಉಪ್ಪು? ಹದವಾಗಿದೆ. ರುಚಿ? ಚೆನ್ನಾಗಿದೆ.’ ಇಷ್ಟು ಬರೆದು ಸಹಿ ಮಾಡಿದ ಮೇಲೆ ಮಕ್ಕಳು ಜಗುಲಿಯಲ್ಲಿ ಸಾಲಾಗಿ ಕೂರುತ್ತಾರೆ.

ಅಡುಗೆ ಮಾಡುವಾಕೆ ಚೆಲುವಮ್ಮ. ಐವತ್ತರ ಆಸುಪಾಸು, ತೆಳ್ಳನೆಯ ಜೀವ, ಮಾತು ಕಡಿಮೆ. ಅವಳಿಗಿಂತ ಮೊದಲು ನಮ್ಮವರೇ ಒಬ್ಬಾಕೆ ಅಡುಗೆ ಮಾಡುತ್ತಿದ್ದಳು. ಆಗ ನಾನು ರುಚಿ ನೋಡುವುದೇನು, ತಟ್ಟೆ ತುಂಬ ಬಡಿಸಿಕೊಂಡು ತಿಂದು ಮೇಲೆ ಮಜ್ಜಿಗೆ ಕುಡಿಯುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಚೆಲುವಮ್ಮ ಬಂದಳು. ಮೊದಲ ದಿನ ಸ್ಟೀಲ್ ಬಟ್ಟಲಿನಲ್ಲಿ ಎರಡು ತುತ್ತು ಅನ್ನ, ಅದರ ಮೇಲೆ ಸಾಂಬಾರು ಹಾಕಿ, ತಟ್ಟೆ ಮುಚ್ಚಿ, ನನ್ನ ಮೇಜಿನ ಮೇಲೆ ತಂದಿಟ್ಟಳು. ಚಮಚ ತೆಗೆದುಕೊಂಡೆ. ತುಟಿಯ ಹತ್ತಿರ ತಂದೆ. ‘ಯಾವ ಬೀದಿನಮ್ಮ ನಿಂದು?’ ಅಂದೆ, ಸುಮ್ಮನೆ ಮಾತಿಗೆ ಕೇಳಿದ ಹಾಗೆ. ಹೇಳಿದಳು. ಊರಾಚೆಯ ಬೀದಿ. ನನ್ನ ಕೈ ಅಲ್ಲೇ ನಿಂತಿತು. ‘ಬಿಸಿ ಇದೆ, ಆರಲಿ’ ಅಂದು ಚಮಚ ಕೆಳಗಿಟ್ಟೆ. ಅದು ಆರಿ ಎಷ್ಟೋ ಹೊತ್ತಾಗಿತ್ತು.

ಅವಳು ಅತ್ತ ಹೋದಮೇಲೆ ಬಟ್ಟಲನ್ನು ಸೆರಗಿನಡಿ ಹಿಡಿದು ಶಾಲೆಯ ಹಿಂದಕ್ಕೆ ಹೋದೆ. ಹೊಂಗೆ ಮರದ ಬುಡಕ್ಕೆ ಸುರಿದೆ. ನಲ್ಲಿಯಲ್ಲಿ ಬಟ್ಟಲು ತೊಳೆದು, ಒರೆಸಿ, ಅಡುಗೆಮನೆಗೆ ವಾಪಸ್ಸು ಕಳಿಸಿದೆ. ಬಂದು ಬರೆದೆ: ಚೆನ್ನಾಗಿದೆ. ಮಾರನೆಯ ದಿನವೂ ಹಾಗೇ ಆಯಿತು. ತಿಂಗಳೊಳಗೆ ಹನ್ನೆರಡು ಗಂಟೆಗೆ ಸರಿಯಾಗಿ ಆ ಮರಕ್ಕೆ ಕಾಗೆಗಳು ಬಂದು ಕೂರತೊಡಗಿದವು.

ನಾನು ಜಾತಿಗೀತಿ ನೋಡುವವಳಲ್ಲ ಅಂತ ನನಗೇ ನಂಬಿಕೆಯಿತ್ತು. ಜನವರಿ ಇಪ್ಪತ್ತಾರರ ಭಾಷಣ ಯಾವಾಗಲೂ ನನ್ನದೇ, ಸಂವಿಧಾನದ ಮೇಲೆ. ಚೆಲುವಮ್ಮನ ಮೊಮ್ಮಗಳು ಪುಟ್ಟಿ ನನ್ನ ಕೈಯಲ್ಲೇ ಓದುತ್ತಾಳೆ, ಮೂರನೇ ಕ್ಲಾಸು. ಹಾಜರಿಯಲ್ಲಿ ಬೇರೆ ಹೆಸರಿದೆ, ಎಲ್ಲರ ಬಾಯಲ್ಲೂ ಪುಟ್ಟಿಯೇ. ಅವಳ ಜಡೆ ಹಾಕಿದ್ದೇನೆ, ಮೂಗು ಒರೆಸಿದ್ದೇನೆ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡಿದ್ದೇನೆ. ಹಾಗಾದರೆ ಸಾಂಬಾರು ಏನು ಪಾಪ ಮಾಡಿತ್ತು? ಆ ಪ್ರಶ್ನೆಯ ಹತ್ತಿರ ನಾನು ಸುಳಿಯಲಿಲ್ಲ. ಹೊರಗಿನ ಊಟ ನನಗೆ ಒಗ್ಗಲ್ಲ, ಅಷ್ಟೇ ಅಂದುಕೊಂಡೆ. ಥೂ ನನ್ನ ಜನ್ಮಕ್ಕೆ.

ಈ ವರ್ಷ ಅವರೆಕಾಯಿ ಕಾಲದಲ್ಲಿ ಮೂರನೇ ಕ್ಲಾಸಿನ ಪರಿಸರ ಪಾಠದಲ್ಲಿ ಆಹಾರದ ರುಚಿ ಬಂತು. ಪುಸ್ತಕ ಓದಿ ಹೇಳಿದರೆ ಯಾವ ಮಗುವಿನ ತಲೆಗೂ ಹೋಗುವುದಿಲ್ಲ. ನಾಲಿಗೆಗೇ ಹೇಳಿಕೊಡೋಣ ಅಂತ ಮನೆಯಿಂದ ಬೆಲ್ಲ, ಹುಣಸೆಹಣ್ಣು, ಹಾಗಲಕಾಯಿ ಚೂರು, ಬೆಟ್ಟದ ನೆಲ್ಲಿಕಾಯಿ ತಂದೆ. ಮುಟ್ಟಿ ಅಗಿದು ತಿಳಿಯಲಿ ಅಂತ ಹುರಿಗಡಲೆ, ಬಾಳೆಹಣ್ಣು, ಹಪ್ಪಳ. ಜೊತೆಗೆ ಬೆಳಗ್ಗೆ ಮನೆಯಲ್ಲಿ ಮಾಡಿದ ಒಂದು ಮುದ್ದೆ. ಒಬ್ಬೊಬ್ಬರಿಗೂ ಕರವಸ್ತ್ರದಲ್ಲಿ ಕಣ್ಣು ಕಟ್ಟಿ, ಬಾಯಿಗೆ ಒಂದೊಂದು ಇಟ್ಟು, ಏನು, ಹೇಗಿದೆ ಅಂತ ಕೇಳುವುದು.

ನಾನು ಕಲಿಸಲು ಹೋದವಳು, ಕಲಿತವಳೂ ನಾನೇ. ನಾನು ‘ಮೆತ್ತಗೆ, ಗಟ್ಟಿ’ ಎಂಬ ಎರಡು ಮಾತು ಬೋರ್ಡಿನ ಮೇಲೆ ಬರೆದುಕೊಂಡು ನಿಂತಿದ್ದೆ. ಆ ಮಕ್ಕಳ ಬಾಯಲ್ಲಿ ಎಷ್ಟು ಮಾತಿದ್ದವು! ಹುರಿಗಡಲೆ ‘ಮೊದ್ಲು ಕಟಕ್ ಅಂತದೆ, ಆಮೇಕೆ ಹಿಟ್ಟಾಗಿ ಅಂಗ್ಳಕ್ಕೆ ಮೆತ್ಕತದೆ’. ಬಾಳೆಹಣ್ಣು ‘ಅಗಿಯೋಕ್ಮುಂಚೇನೇ ಜಾರ್ಕೊಂಡು ಓಯ್ತದೆ’. ನೆಲ್ಲಿಕಾಯಿ ತಿಂದ ಪುಟ್ಟಿ ಮುಖ ಹಿಂಡಿ, ‘ನಾಲ್ಗೆ ಹಿಡ್ಕಂತು ಮಿಸ್. ಈಗ ನೀರ್ ಕೊಡಿ, ಸಿಹಿಯಾಯ್ತದೆ’ ಅಂದಳು. ಮುದ್ದೆಯ ಚೂರನ್ನು ನಾಲಿಗೆಯಲ್ಲಿ ಹೊರಳಿಸಿ ನುಂಗಿ, ಸ್ವಲ್ಪ ಹೊತ್ತು ಯೋಚಿಸಿದಳು.

‘ಎಲ್ಡು ಗಂಟವೆ ಮಿಸ್ ಇದ್ರಲ್ಲಿ. ಯಾರ್ ತಿರುವಿದ್ದು?’

‘ನಾನೇ ಕಣೇ.’

‘ನಮ್ಮಜ್ಜಿ ತಾವ ಕಲ್ತ್ಕಳಿ ಮಿಸ್, ನುಣ್ಣುಗ್ ಬತ್ತದೆ’ ಅಂದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಆಮೇಲೆ ‘ಈಗ ಮಿಸ್ ಸರದಿ!’ ಅಂತ ಗಲಾಟೆ ಎಬ್ಬಿಸಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪುಟ್ಟಿಯೇ ಕಣ್ಣು ಕಟ್ಟಿದಳು. ಬೆಲ್ಲ ಇಟ್ಟರು, ಹೇಳಿದೆ. ಹಾಗಲಕಾಯಿ ಇಟ್ಟು ಕಿಸಿಕಿಸಿ ನಕ್ಕರು, ಹೇಳಿದೆ. ಮತ್ತೆ ಗುಸುಗುಸು. ಯಾರೋ ಹೊರಗೆ ಓಡಿಹೋಗಿ ಓಡಿಬಂದ ಸದ್ದು. ‘ಆ ಅನ್ನಿ ಮಿಸ್’ ಅಂದಳು ಪುಟ್ಟಿ. ಬಾಯಿ ತೆರೆದೆ. ಅಷ್ಟರಲ್ಲಿ ಅವರೆಕಾಳು ಸಾಂಬಾರಿನ ಘಮ ಮೂಗಿಗೆ ಬಡಿಯಿತು. ಚೆಲುವಮ್ಮನ ಅಡುಗೆಮನೆಯದು.

ನನ್ನ ತುಟಿ ಗಪ್ಪನೆ ಮುಚ್ಚಿಕೊಂಡಿತು. ಬೇಕೆಂದು ಮಾಡಿದ್ದಲ್ಲ, ಅದೇ ದೊಡ್ಡ ನಾಚಿಕೆ. ಚಮಚ ತುಟಿಗೆ ತಾಗಿ ಸಾಂಬಾರು ಗಲ್ಲದ ಮೇಲಿಂದ ಸೀರೆಗೆ ಇಳಿಯಿತು. ಕಣ್ಣಿನ ಬಟ್ಟೆ ಕಿತ್ತು ಅದರಿಂದಲೇ ಬಾಯಿ ತಿಕ್ಕಿ ತಿಕ್ಕಿ ಒರೆಸಿಕೊಂಡೆ. ಬಟ್ಟೆ ಕೆಳಗಿಳಿಸಿ ನೋಡಿದರೆ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಪುಟ್ಟಿಯ ಕೈಯಲ್ಲಿ ಖಾಲಿ ಚಮಚ.

‘ಮಿಸ್ ತಿನ್ನಾಕಿಲ್ಲ ಕಣ್ಲಾ, ಕಾಗೆಗ್ ಆಕ್ತಾರೆ ದಿನಾ’ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು.

ಪುಟ್ಟಿ ಗಿರಕ್ಕನೆ ಆ ಕಡೆ ತಿರುಗಿದಳು. ‘ಏಯ್, ಮಿಸ್ಗೆ ಅಲ್ಸರ್ ಅದೆ ಕಣೋ! ಖಾರ ತಿಂದ್ರೆ ಒಟ್ಟೆ ಉರೀತದೆ. ಅದ್ಕೇ ತಿನ್ನಲ್ಲ. ನಮ್ಮಜ್ಜಿ ಏಳ್ತು.’ ಆಮೇಲೆ ನನ್ನ ಕಡೆ ನೋಡಿ, ‘ಅಲ್ವಾ ಮಿಸ್? ನಂಗ್ ಮರ್ತೋಗಿತ್ತು ಮಿಸ್, ತಪ್ಪಾಯ್ತು’ ಅಂದಳು.

‘ಹೂಂ’ ಅಂದೆ. ಎಂಟು ವರ್ಷದ ಮಗು ನನ್ನನ್ನು ಬಚಾವ್ ಮಾಡಿ, ನನ್ನ ಹತ್ತಿರವೇ ಕ್ಷಮೆ ಕೇಳುತ್ತಿತ್ತು, ನಾನು ಹೂಂ ಅಂದೆ. ಆ ಸಂಜೆ ಸ್ಕೂಟರಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು ಬೇರೆ. ಚೆಲುವಮ್ಮ ಹಾಗಂತ ನಂಬಿಕೊಂಡಿದ್ದಾಳೆ, ಸದ್ಯ, ಪಾಪ ಅಂದುಕೊಂಡೆ.

ಮುಂದಿನ ವಾರವೇ ಬಿಸಿಯೂಟದ ಅಧಿಕಾರಿ ಚನ್ನಬಸವಣ್ಣನವರು ಜೀಪಿನಲ್ಲಿ ಬಂದಿಳಿದರು. ಜೊತೆಗೆ ಪುಟ್ಟಸ್ವಾಮಿ. ನಮ್ಮ ಶಾಲೆಯ ಸಮಿತಿಯ ಅಧ್ಯಕ್ಷ, ಎರಡು ಬ್ಯಾರನ್ ಗೂಡು ಇಟ್ಟು ಹೊಗೆಸೊಪ್ಪು ಬೇಯಿಸುವ ಆಸಾಮಿ. ಶಾಲೆಯ ಊಟ ಬಾಯಿಗಿಡುವ ಹಾಗಿಲ್ಲ, ಅಡುಗೆಯವಳನ್ನು ಬದಲಾಯಿಸಿ ಅಂತ ಅವನು ಅರ್ಜಿ ಬರೆದಿದ್ದ. ಅವನ ಬೀದಿಯ ಆರು ಮಕ್ಕಳು ಎರಡು ತಿಂಗಳಿಂದ ಮನೆಯಿಂದ ಡಬ್ಬಿ ತರುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ನನ್ನ ಚೀಲದಲ್ಲೂ ಡಬ್ಬಿ ಇತ್ತು.

ಊಟದ ಹೊತ್ತು. ಮಕ್ಕಳು ಜಗುಲಿಯಲ್ಲಿ ತಟ್ಟೆ ಇಟ್ಟುಕೊಂಡು ಎರಡು ಸಾಲಾಗಿ ಕೂತಿದ್ದರು. ಅಧಿಕಾರಿ ಒಂದು ತಟ್ಟೆಯಲ್ಲಿ ಹಾಕಿಸಿಕೊಂಡು ನಿಂತೇ ತಿಂದರು. ‘ಇವತ್ತು ಚೆನ್ನಾಗೇ ಇದೆಯಲ್ಲ’ ಅಂದರು.

‘ನೀವು ಬತ್ತೀರಿ ಅಂತ ಗೊತ್ತಾದ್ಮೇಲೆ ಚೆನ್ನಾಗ್ ಮಾಡ್ದೆ ಇರ್ತಾರಾ ಸಾರ್?’ ಅಂದ ಪುಟ್ಟಸ್ವಾಮಿ. ‘ದಿನಾ ಎಂಗಿರ್ತದೆ ಅನ್ನೋದ್ನ ಕೇಳಿ.’

ಅಧಿಕಾರಿ ರುಚಿ ಪುಸ್ತಕ ತರಿಸಿ ಹಾಳೆ ತಿರುವಿದರು. ‘ದಿನಾನೂ ಚೆನ್ನಾಗಿದೆ ಅಂತಲೇ ಮೇಡಂ ಸಹಿ ಮಾಡಿದಾರಲ್ರೀ.’

ಪುಟ್ಟಸ್ವಾಮಿ ನಕ್ಕ. ‘ಮೇಡಮ್ಮೋರು ಒಂದ್ ಅಗುಳ್ನೂ ಮುಟ್ಟಿಲ್ಲ ಸಾರ್. ಹಿಂದ್ಗಡೆ ಹೊಂಗೆ ಮರದ ತಾವ ಕಾಗೆಗೋಳು ಕಾಯ್ಕೊಂಡ್ ಕೂತಿರ್ತವೆ, ಬೇಕಾದ್ರೆ ನೋಡ್ಕಬನ್ನಿ. ತಿನ್ನಂಗಿದ್ರೆ ಅವ್ರು ಡಬ್ಬಿ ಯಾಕ್ ತರೋರು? ಮೇಡಮ್ಮೋರೇ ತಿನ್ದೇ ಇರೋದ ನಮ್ ಮಕ್ಳಿಗ್ ಯಾಕ್ ಆಕ್ಬೇಕು?’

ನಾನು ತಿನ್ನದೇ ಇದ್ದದ್ದು ಅವಳ ಅಡುಗೆ ಕೆಟ್ಟದ್ದೆನ್ನುವುದಕ್ಕೆ ಸಾಕ್ಷಿಯಾಗುತ್ತದೆ ಅಂತ ಈ ನಾಲ್ಕು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ನಾನು ಬರೆದದ್ದು ಸುಳ್ಳಾದರೂ ಅವಳಿಗೆ ಒಳ್ಳೆಯದೇ ಅಲ್ಲವೆ, ಚೆನ್ನಾಗಿದೆ ಅಂತಲೇ ತಾನೆ ಬರೆದದ್ದು ಅನ್ನುವ ಸಮಾಧಾನವೊಂದು ಇತ್ತು. ಅದೂ ಹೋಯಿತು.

‘ಹೌದಾ ಮೇಡಂ?’ ಅಧಿಕಾರಿ ಪುಸ್ತಕ ಮುಚ್ಚಿದರು. ‘ನೋಡಿ, ಊಟ ಸರಿಯಿಲ್ಲ ಅಂತ ನೀವೇ ತಿನ್ನಲಿಲ್ಲ ಅನ್ನೋದಾದ್ರೆ ಆಯಮ್ಮನ್ನ ಬಿಡಿಸಬೇಕಾಗ್ತದೆ. ಇವತ್ತೇ ಬರ್ಕೊಂಡು ಹೋಗ್ತೀನಿ. ಹೇಳಿ, ಯಾಕೆ ತಿನ್ನಲಿಲ್ಲ?’

ಚೆಲುವಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಗಂಡ ಇಲ್ಲ. ಮಗ ಸೊಸೆ ಕೊಡಗಿನ ಕಾಫಿ ತೋಟಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಈ ಕೆಲಸ ಹೋದರೆ ಅವಳೂ ಪುಟ್ಟಿಯನ್ನು ಕಟ್ಟಿಕೊಂಡು ಅಲ್ಲಿಗೇ ಹೊರಡಬೇಕು, ಮಗುವಿನ ಓದಿಗೆ ಅಲ್ಲಿಗೆ ಕೊನೆ. ಇದೆಲ್ಲ ನನಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡಲಿಲ್ಲ. ಸೌಟಿನಿಂದ ತೊಟ್ಟಿಕ್ಕುತ್ತಿದ್ದ ಸಾಂಬಾರನ್ನು ನೋಡುತ್ತಿದ್ದಳು.

‘ನನಗೆ ಅಲ್ಸರ್ ಇದೆ ಸಾರ್’ ಅಂದೆ.

ಅಧಿಕಾರಿ ನನ್ನನ್ನು ಒಂದು ಗಳಿಗೆ ನೋಡಿದರು. ‘ಹೋದ ತಿಂಗಳು ಪಿರಿಯಾಪಟ್ಟಣದ ತರಬೇತೀಲಿ ನನ್ನ ಪಕ್ಕದಲ್ಲೇ ನಿಂತು ಮೆಣಸಿನಕಾಯಿ ಬಜ್ಜಿ ತಿಂದ್ರಲ್ಲ ಮೇಡಂ. ನಾಲ್ಕು. ನಾನು ಎರಡಕ್ಕೇ ನೀರು ಕುಡಿದೆ.’

ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡವರು ನಕ್ಕರು ಅಂತ ಮಕ್ಕಳೂ ನಕ್ಕವು. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ನಗು ಮುಗಿಸಿ ಪುಟ್ಟಸ್ವಾಮಿ ನನ್ನ ಹತ್ತಿರ ಬಂದು, ನನಗೇನೋ ಉಪಕಾರ ಮಾಡುವವನ ಹಾಗೆ ದನಿ ಇಳಿಸಿದ.

‘ಬುಡಿ ಮೇಡಮ್ಮೋರೆ, ನೀವ್ಯಾಕ್ ಒದ್ದಾಡ್ತೀರಿ? ಒಳ್ಳೆ ಮನೆತನದೋರು ನೀವು. ನಮ್ಗೆ ಅರ್ಥ ಆಯ್ತದೆ ಕಣ್ರೀ. ಚೆನ್ನಾಗಿಲ್ಲ ಅಂತ ಒಂದ್ ಮಾತ್ ಅಂದ್ಬುಡಿ ಸಾಕು. ನಮ್ಮೋರ್ನೇ ಯಾರ್ನಾದ್ರೂ ಆಕ್ಕಂಡ್ರಾಯ್ತು. ನೀವೂ ನೆಮ್ದಿಯಾಗ್ ಊಟ ಮಾಡ್ಬೋದು.’

ಅವನೂ ನಾನೂ ಒಂದೇ ಅಂತ ಅವನು ಹೇಳಿದ್ದ. ಸುಳ್ಳೇನಲ್ಲ, ಅದಕ್ಕೇ ನನಗೆ ಉರಿದುಹೋಯಿತು. ಕೋಪ ಬಂದರೆ ನನಗೆ ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ತಿಳಿಯುವುದಿಲ್ಲ.

‘ಏನ್ರೀ ಅರ್ಥ ಆಗೋದು ನಿಮಗೆ?’ ಅಂತ ಕಿರುಚಿದೆ. ‘ಅಡುಗೆ ಚೆನ್ನಾಗಿಲ್ಲ ಅಂತ ನಾನು ಯಾವತ್ತು ಹೇಳ್ದೆ? ಬಾಯಿಗೆ ಇಟ್ಟಿದ್ರೆ ತಾನೆ ಹೇಳೋಕೆ! ಹೌದು ಸಾರ್, ನಾಲ್ಕು ವರ್ಷ ಒಂದು ತುತ್ತು ತಿನ್ನಲಿಲ್ಲ ನಾನು. ಬರೆದಿದ್ದೆಲ್ಲ ಸುಳ್ಳು. ಯಾಕೆ ಗೊತ್ತಾ? ಅವಳು ಮುಟ್ಟಿದ್ದು ಅಂತ! ಅವಳ ಜಾತಿ ನೋಡಿ, ಅವಳ ಕೈ ನೋಡಿ ತಿನ್ನಲಿಲ್ಲ. ಇವರು ಮಕ್ಕಳ ಕೈಲಿ ಡಬ್ಬಿ ಕೊಟ್ಟು ಕಳಿಸೋದೂ ಅದಕ್ಕೇನೇ. ಉಪ್ಪು ಖಾರದ ಮಾತೇ ಅಲ್ಲ ಇದು. ಬರ್ಕೊಳ್ಳಿ, ನನ್ನ ಹೆಸರು ಹಾಕೇ ಬರ್ಕೊಳ್ಳಿ!’

ನನ್ನ ಗಂಟಲು ಪಕ್ಕದ ಬೀದಿಗೂ ಕೇಳಿಸಿರಬೇಕು. ಪುಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಒಂಥರಾ ಹೆಮ್ಮೆಯಾಯಿತು. ಎಷ್ಟು ಧೈರ್ಯದಿಂದ ಹೇಳಿಬಿಟ್ಟೆ ಅನ್ನಿಸಿತು. ಚೆಲುವಮ್ಮನ ಕಣ್ಣಲ್ಲಿ ನೀರು ಬಂದಿರಬಹುದು ಅಂತ ಅಡುಗೆಮನೆಯ ಕಡೆ ನೋಡಿದೆ. ಬಾಗಿಲಲ್ಲಿ ಅವಳಿರಲಿಲ್ಲ. ಸಾಲಿನಲ್ಲಿ ಪುಟ್ಟಿ ತುತ್ತು ಕಲಸಿದ್ದ ಕೈಯನ್ನು ತಟ್ಟೆಯಲ್ಲೇ ಬಿಟ್ಟು, ಅಜ್ಜಿ ಒಳಗೆ ಹೋದ ಬಾಗಿಲನ್ನು ನೋಡುತ್ತಾ ಕೂತಿದ್ದಳು.

ಅಧಿಕಾರಿ ಕುರ್ಚಿ ಎಳೆದುಕೊಂಡು ಬರೆದರು. ಅರ್ಜಿ ವಜಾ, ಅಡುಗೆಯವಳು ಮುಂದುವರಿಯತಕ್ಕದ್ದು. ಸುಳ್ಳು ದಾಖಲೆ ಬರೆದದ್ದಕ್ಕೆ ನಾನು ಲಿಖಿತ ಉತ್ತರ ಕೊಡತಕ್ಕದ್ದು. ‘ನಾಳೆಯಿಂದ ಮಕ್ಕಳ ಜೊತೆ ಕೂತು ತಿನ್ನಿ ಮೇಡಂ’ ಅಂತಷ್ಟೇ ಹೇಳಿ ಜೀಪು ಹತ್ತಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಕ್ಕಳು ಮನೆಗೆ ಹೋದಮೇಲೆ ಅಡುಗೆಮನೆಗೆ ಹೋದೆ. ನಾಲ್ಕು ವರ್ಷದಲ್ಲಿ ಆ ಹೊಸಿಲು ದಾಟಿದ್ದು ಅದೇ ಮೊದಲು. ಚೆಲುವಮ್ಮ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ‘ಇದ್ದರೆ ಒಂದು ತಟ್ಟೆ ಹಾಕಿಕೊಡಿ ಚೆಲುವಮ್ಮ’ ಅಂದೆ. ಅವಳು ಕೈ ತೊಳೆದು, ಒರೆಸಿಕೊಂಡು, ಮಕ್ಕಳ ತಟ್ಟೆಯೊಂದರಲ್ಲಿ ಅನ್ನ ಸಾಂಬಾರು ಹಾಕಿ, ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು.

ಅಲ್ಲೇ ನೆಲದ ಮೇಲೆ ಕೂತು ತಿಂದೆ. ಆರಿಹೋಗಿತ್ತು. ಅನ್ನ ಸ್ವಲ್ಪ ಅಂಟಂಟು, ರೇಷನ್ ಅಕ್ಕಿ ಹಾಗೇ. ಅವರೆಕಾಳು ಹಲ್ಲಿಗೆ ಸಿಕ್ಕಾಗ ಒಂದು ಕ್ಷಣ ತಡೆದು, ಆಮೇಲೆ ಬೆಣ್ಣೆಯ ಹಾಗೆ ಕರಗಿತು. ಅದರ ಹಿಂದೆಯೇ ನುಗ್ಗೆಸೊಪ್ಪಿನ ಸಣ್ಣ ಕಹಿ. ಬೇಳೆ ಪೂರ್ತಿ ಕದಡಿಹೋಗದೆ ಅಲ್ಲಲ್ಲಿ ನಾಲಿಗೆಗೆ ಸಿಗುತ್ತಿತ್ತು. ಹುಳಿ ಕೊನೆಯಲ್ಲಿ, ಕೆನ್ನೆಯ ಒಳಗಡೆ. ಈ ಊಟವನ್ನು ನಾನು ನಾಲ್ಕು ವರ್ಷ ಕಾಗೆಗೆ ಹಾಕಿದ್ದೆ. ನೀರು ಕುಡಿದು ಇನ್ನೊಂದು ತುತ್ತು ತಿಂದೆ. ಆಮೇಲೆ ಗೊತ್ತಾಯಿತು, ಉಪ್ಪು ಕಡಿಮೆ.

‘ಉಪ್ಪು ಸ್ವಲ್ಪ ಮುಂದಾಗ್ಬೇಕಿತ್ತಾ?’ ಅಂದೆ.

‘ಚಿಕ್ ಮಕ್ಳು ಮಿಸ್. ನಾನು ಬೇಕಂತ್ಲೇ ಕಮ್ಮಿ ಆಕದು. ಬಂದಾಗ್ನಿಂದ್ಲೂ ಇಂಗೇಯ.’

ಬಂದಾಗಿನಿಂದಲೂ. ನಾನು ದಿನಾ ಬರೆದದ್ದು: ಉಪ್ಪು ಹದವಾಗಿದೆ. ಒಂದೇ ಒಂದು ದಿನ ನಾಲಿಗೆಗೆ ತಾಗಿಸಿದ್ದರೂ ಹಾಗೆ ಬರೆಯುತ್ತಿರಲಿಲ್ಲ.

‘ನಿಮಗೆ ಗೊತ್ತಿತ್ತಾ ಚೆಲುವಮ್ಮ, ನಾನು ತಿಂತಿರಲಿಲ್ಲ ಅಂತ?’

‘ಬಟ್ಲು ತೊಳ್ದು ಕಳುಸ್ತಿದ್ರಲ್ಲ ಮಿಸ್’ ಅಂದಳು. ‘ತಿಂದೋರು ಅಂಗೇ ಇಡ್ತಾರೆ, ತೊಳಿಯಾಕೆ ನಾನಿಲ್ವಾ? ಮೊದ್ಲೆ ದಿನ್ವೇ ಗೊತ್ತಾಯ್ತು.’

‘ಮತ್ತೆ ಅಲ್ಸರ್ ಅಂತ...’

‘ಪುಟ್ಟಿ ಒಂದ್ನೇ ಕ್ಲಾಸಲ್ಲಿರ್ವಾಗ ಮರದ ತಾವ ನಿಮ್ಮ ನೋಡ್ಬುಡ್ತು. ಅಜ್ಜಿ, ಮಿಸ್ ಯಾಕ್ ನಿನ್ ಸಾರು ಚೆಲ್ತಾರೆ ಅಂತು. ಏನ್ ಏಳದು? ಅಲ್ಸರು ಅಂದೆ.’ ಪಾತ್ರೆಯ ತಳ ತಿರುವಿ ಉಜ್ಜತೊಡಗಿದಳು.

‘ತಪ್ಪಾಯ್ತು ಚೆಲುವಮ್ಮ’ ಅಂದೆ. ಅಳು ಬಂದೇಬಿಟ್ಟಿತು. ‘ಇವತ್ತಾದರೂ ಎಲ್ಲರ ಮುಂದೆ ನಿಜ ಹೇಳ್ದೆ.’

ಅವಳ ಕೈ ನಿಂತಿತು. ‘ಕೆಲ್ಸ ಉಳೀತು ಮಿಸ್, ನಿಮ್ಮಿಂದ್ಲೇಯ. ಇಲ್ಲ ಅನ್ನಲ್ಲ. ಆದ್ರೆ ಆ ಸಾಹೇಬ್ರ ಒಳಗಡೆ ಕರ್ಕೊಂಡೋಗಿ ಮೆಲ್ಲುಗ್ ಏಳ್ಬೋದಿತ್ತು. ದೊಡ್ಡೋರಾದ್ಮೇಲೆ ಎಂಗಿದ್ರೂ ಗೊತ್ತಾಯ್ತದೆ. ಇನ್ನೊಂದೆಲ್ಡು ವರ್ಸ ಆ ಮಗೀಗ್ ಗೊತ್ತಾಗದು ಬ್ಯಾಡ ಅಂತಿದ್ದೆ.’

ತಟ್ಟೆ ತೊಳೆಯಲು ಎದ್ದೆ. ‘ಅಲ್ಲೇ ಇಡಿ ಮಿಸ್’ ಅಂದಳು. ಅಲ್ಲೇ ಇಟ್ಟು ಬಂದೆ.

ಮಾರನೆಯ ಬೆಳಗ್ಗೆ ಮೊದಲನೆಯ ಪೀರಿಯಡ್ಡು ಕಾಪಿ ಬರಹ. ಪುಟ್ಟಿ ಬರೆದದ್ದನ್ನು ತೋರಿಸಲು ಬಂದರೆ ಮಿಕ್ಕ ಮಕ್ಕಳನ್ನು ತಳ್ಳಿಕೊಂಡು ಬಂದು, ಪುಸ್ತಕವನ್ನು ನನ್ನ ಮೂಗಿಗೇ ಹಿಡಿದು, ಮೊಣಕೈಯನ್ನು ನನ್ನ ತೊಡೆಯ ಮೇಲೂರಿ ನಿಲ್ಲುವ ಹುಡುಗಿ. ಆವತ್ತು ಎಲ್ಲರೂ ತೋರಿಸಿ ಹೋಗುವವರೆಗೆ ಕಾದಳು. ಆಮೇಲೆ ಬಂದು ಪುಸ್ತಕವನ್ನು ಮೇಜಿನ ಅಂಚಿಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

‘ಇಲ್ಲಿ ಬಾ ಪುಟ್ಟಿ’ ಅಂದೆ.

‘ಇಲ್ಲೇ ನಿಂತ್ಕತೀನಿ ಮಿಸ್.’

ನಾನು ಕೈ ಚಾಚಿದೆ. ಅವಳು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದಳು.

‘ಯಾಕೆ ಪುಟ್ಟಿ? ಯಾರಮ್ಮ ನಿನಗೆ ಹೀಗೆ ದೂರ ನಿಲ್ಲು ಅಂತ ಹೇಳಿದ್ದು?’

ಅವಳು ನನ್ನನ್ನು ಅಚ್ಚರಿಯಿಂದ ನೋಡಿದಳು. ‘ನೀವೇ ನೆನ್ನೆ ಏಳಿದ್ರಲ್ಲ ಮಿಸ್. ನಮ್ ಕೈ ಮುಟ್ಟಿದ್ರೆ ನಿಮ್ಗೆ ಆಗಾಕಿಲ್ವಂತಲ್ಲ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ತೊಂದರೆಯಾಗಬಾರದು ಅಂತ ಹೇಳಿದ್ದಳು.